ಒಂಬತ್ತು ಜಾಗಗಳ ನಕ್ಷೆ

ಮಾರ್ಚ್ ೩, ಸೋಮವಾರ

ಇವತ್ತಿನಿಂದ ನನಗೆ ಕೂದಲಿನ ಕಾಲ. ಚರ್ಮದ ವಿಭಾಗದ ಎರಡು ವರ್ಷದ ಕಡತಗಳನ್ನು ಕೆಂಪು ಪೆನ್ನು ನನ್ನ ಮೇಜಿನ ಮೇಲೆ ಪೇರಿಸಿ ಹೋಗಿದ್ದಾರೆ. ಕೆಂಪು ಪೆನ್ನು ಎಂದರೆ ನಮ್ಮ ಆಸ್ಪತ್ರೆಯ ದಾಖಲೆ ಕೋಣೆಯ ಮೇಲ್ವಿಚಾರಕಿ. ಎದುರಿಗೆ ಮೇಡಂ, ಬೆನ್ನ ಹಿಂದೆ ಈ ಹೆಸರು.

"ಅತಿ ಕೂದಲು ಬೆಳೆಯೋ ಕೇಸುಗಳನ್ನೆಲ್ಲ ಮತ್ತೆ ನೋಡ್ಬೇಕು. ಕಣ್ಣು ಮುಚ್ಕೊಂಡು ಎಲ್ಲದಕ್ಕೂ ಒಂದೇ ಕೋಡ್ ಹಾಕಿದ್ದಾರೆ," ಎಂದರು.

"ಯಾರು ಮೇಡಂ?" ಎಂದೆ.

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಹಾಕಿದ್ದು ನಾನೇ.

ಡಾಕ್ಟರು ಬರೆದದ್ದನ್ನು ಓದಿ ಪ್ರತಿ ಕಾಯಿಲೆಗೂ ಒಂದು ಅಕ್ಷರ, ಕೆಲವು ಅಂಕಿ ಹಚ್ಚುವುದು ಹದಿನೆಂಟು ವರ್ಷದಿಂದ ನನ್ನ ಕೆಲಸ. ಅತಿ ಕೂದಲಿನದು ಎಲ್ ಅರವತ್ತೆಂಟು. ಅದರ ಮುಂದೆ ಚುಕ್ಕೆ, ಚುಕ್ಕೆಯ ಮುಂದೆ ಇನ್ನೊಂದು ಅಂಕಿ. ಸೊನ್ನೆ ಹಾಕಿದರೆ ಹೆಂಗಸರಿಗೆ ಗಂಡಸರ ಜಾಗಗಳಲ್ಲಿ ಬರುವುದು, ಎರಡು ಹಾಕಿದರೆ ಮೈಯಲ್ಲಿ ಎಲ್ಲೋ ಒಂದೇ ಕಡೆ ಬರುವುದು. ಒಂಬತ್ತು ಹಾಕಿದರೆ 'ಯಾವ ಬಗೆ ಎಂದು ಹೇಳಿಲ್ಲ'. ಕಡತ ಪೂರ್ತಿ ಓದುವ ಮನಸ್ಸಿಲ್ಲದವರಿಗೆ ಒಂಬತ್ತು ಬಹಳ ಒಳ್ಳೆಯ ಅಂಕಿ. ಈ ಒಂದು ಬಗೆಯ ಕಡತಗಳನ್ನು ಓದಲು ನನಗೆ ಯಾವತ್ತೂ ಮನಸ್ಸಿರಲಿಲ್ಲ.

ಸಂಜೆ ನಾಲ್ಕನೇ ಮಹಡಿಗೆ ಹೋದೆ. ಅಮ್ಮನಿಗೆ ಪಾರ್ಶ್ವವಾಯು ಹೊಡೆದು ಇವತ್ತಿಗೆ ಹದಿನಾರು ದಿನ. ಬಲಗೈ ಸರಿಯಾಗಿ ಏಳುವುದಿಲ್ಲ, ಮಾತು ಪೂರ್ತಿ ನಿಂತಿದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಬೆನ್ನು ನೋಡಿಕೊಂಡು ಅರ್ಧ ಗಂಟೆ ಕೂತು ಬಂದೆ.

ಮಾರ್ಚ್ ೫, ಬುಧವಾರ

ನಮ್ಮ ಕೋಣೆ ನೆಲಮಾಳಿಗೆಯಲ್ಲಿದೆ. ಸೂರಿನ ಹತ್ತಿರ ಒಂದೇ ಒಂದು ಕಿಟಕಿ. ಅದರಲ್ಲಿ ರಸ್ತೆಯಲ್ಲಿ ಹೋಗಿಬರುವವರ ಕಾಲುಗಳು ಮಾತ್ರ ಕಾಣುತ್ತವೆ. ಮಧ್ಯಾಹ್ನ ಮೂರಕ್ಕೆ ಬಿಸಿಲು ಒಳಗೆ ಇಳಿದು, ಮೇಜಿನಿಂದ ಮೇಜಿಗೆ ನಡೆದು, ಮುಕ್ಕಾಲು ಗಂಟೆಯಲ್ಲಿ ಬಾಗಿಲ ಹತ್ತಿರ ಹೋಗಿ ಆರಿಹೋಗುತ್ತದೆ. ಆಗ ಕಾಗದದ ಧೂಳೆಲ್ಲ ಗಾಳಿಯಲ್ಲಿ ನಿಂತಿರುತ್ತದೆ, ಎಲ್ಲರಿಗೂ ತೂಕಡಿಕೆ. ಕಿಟಕಿಯ ಕೆಳಗಿನ ಮೇಜನ್ನು ನನಗೇ ಕೊಟ್ಟಿದ್ದರು. ಬೇಡ ಎಂದು ಕಪಾಟಿನ ಮರೆಯದನ್ನು ಆರಿಸಿಕೊಂಡೆ. ಕಿಟಕಿಯ ಕೆಳಗೆ ಕೂತರೆ ಮುಖದ ಮೇಲೆ ನೇರ ಬೆಳಕು ಬೀಳುತ್ತದೆ.

ಈ ಪುಸ್ತಕವನ್ನು ಯಾರೂ ಓದುವುದಿಲ್ಲ, ಆದ್ದರಿಂದ ಬರೆಯುತ್ತೇನೆ. ನನ್ನ ಗಲ್ಲದ ಮೇಲೆ ಹನ್ನೊಂದು ಕೂದಲು ಬೆಳೆಯುತ್ತವೆ. ಕಪ್ಪಗೆ, ದಪ್ಪಗೆ, ಗಂಡಸರ ಗಡ್ಡದವೇ. ಇಪ್ಪತ್ತೈದು ವರ್ಷದಿಂದ ದಿನಾ ಬೆಳಿಗ್ಗೆ ಚಿಲಕ ಹಾಕಿಕೊಂಡು ಪ್ಲಕ್ಕರ್‌ನಲ್ಲಿ ಕೀಳುತ್ತೇನೆ. ಹೊರಗೆ ಹೋಗುವಾಗ ಕುತ್ತಿಗೆಗೆ ಶಾಲು. ಮಾತಾಡುವಾಗ ಎಡಗೈ ತಾನಾಗಿ ಗಲ್ಲಕ್ಕೆ ಹೋಗುತ್ತದೆ. ಕಚೇರಿಯಲ್ಲಿ ನನ್ನನ್ನು 'ಚಿಂತಕಿ' ಎಂದು ಕರೆಯುತ್ತಾರಂತೆ. ಯಾವಾಗಲೂ ಏನೋ ಯೋಚಿಸುತ್ತಿರುತ್ತೇನೆ ಎಂದು ಅವರ ಲೆಕ್ಕ.

ಮೊದಲ ಕೂದಲು ಬಂದಾಗ ನನಗೆ ಹತ್ತೊಂಬತ್ತು. ಯಾರಿಗೂ ಹೇಳಲಿಲ್ಲ. ಒಂದು ವಾರದ ಮೇಲೆ ನನ್ನ ಬಟ್ಟೆಗಳ ನಡುವೆ ಕಾಗದದ ಪೊಟ್ಟಣವೊಂದು ಸಿಕ್ಕಿತು. ಒಳಗೆ ಹೊಸ ಪ್ಲಕ್ಕರ್. ಅಮ್ಮ ಅದರ ಬಗ್ಗೆ ಅವತ್ತೂ ಮಾತಾಡಲಿಲ್ಲ, ಆಮೇಲೂ ಮಾತಾಡಲಿಲ್ಲ. ಅವಳೂ ದಿನಾ ಬೆಳಿಗ್ಗೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು ಬಹಳ ಹೊತ್ತು ಇರುತ್ತಿದ್ದಳು. ಮನೆಯಲ್ಲಿ ಇಬ್ಬರು ಹೆಂಗಸರು, ಇಬ್ಬರ ಬಾಯಿಗೂ ಬೀಗ. ಅಪ್ಪ ಬಡಪಾಯಿ, ಅವರಿಗೆ ಇದರ ಗಂಧಗಾಳಿಯೂ ಇಲ್ಲ.

ಮಾರ್ಚ್ ೬, ಗುರುವಾರ

ಬಸ್ಸಿನಲ್ಲಿ ನಿದ್ದೆ ಬಂದು ಕನಸು. ಆಸ್ಪತ್ರೆಯಲ್ಲಿ ಎಲ್ಲರ ಮೈಮೇಲೂ ಮೆತ್ತನೆಯ ನವಿರು ಬೆಳೆದಿತ್ತು. ಸಿಸ್ಟರುಗಳಿಗೆ, ಲಿಫ್ಟಿನವನಿಗೆ, ಗೋಡೆಗೆ, ಮೆಟ್ಟಿಲಿಗೆ ಕೂಡ. ಯಾರೂ ನಾಚುತ್ತಿರಲಿಲ್ಲ. ನಾನು ಮೆಟ್ಟಿಲ ಮೇಲೆ ಬರಿಗಾಲಲ್ಲಿ ಹತ್ತುತ್ತಿದ್ದೆ, ಕಾಲಿಗೆ ಬೆಚ್ಚಗಿತ್ತು. ಇಳಿಯುವ ಸ್ಟಾಪು ದಾಟಿಹೋಯಿತು.

ನಿನ್ನೆ ಓದಿದ ಕಡತದ ಪ್ರಭಾವ ಇರಬೇಕು. ತಾಯಿಯ ಹೊಟ್ಟೆಯಲ್ಲಿದ್ದಾಗ ನಮ್ಮೆಲ್ಲರ ಮೈಮೇಲೂ ಇಂಥ ನವಿರು ಇರುತ್ತದಂತೆ. ಹುಟ್ಟುವ ಹೊತ್ತಿಗೆ ಉದುರಿಹೋಗುತ್ತದೆ. ಹುಟ್ಟುವ ಮೊದಲು ಅದು ಕಾಯಿಲೆಯಲ್ಲ, ಅದಕ್ಕೆ ಕೋಡೂ ಇಲ್ಲ.

ಮಾರ್ಚ್ ೭, ಶುಕ್ರವಾರ

ಮನೆಯವರ ಕಡತ ನಾವು ತೆರೆಯುವಂತಿಲ್ಲ. ಹಾಗೆ ತೆರೆದು ಕೆಲಸ ಕಳೆದುಕೊಂಡವರಿದ್ದಾರೆ. ಆದರೆ ಮಂಚದ ಕಾಲಿಗೆ ತೂಗುಹಾಕಿದ ಹಲಗೆಯನ್ನು ಯಾರು ಬೇಕಾದರೂ ಓದಬಹುದು. ಅಮ್ಮನ ಹಲಗೆಯಲ್ಲಿ ಐದು ದಿನದಿಂದ ಒಂದೇ ಮಾತು ಇದೆ: 'ಸಹಕರಿಸುತ್ತಿಲ್ಲ.'

ಫಿಸಿಯೋ ಹುಡುಗಿ ನನ್ನನ್ನು ಬಾಗಿಲ ಹೊರಗೆ ಕರೆದಳು. ಬಳಲಿದ ಮುಖದ ಒಳ್ಳೆಯ ಹುಡುಗಿ, ಕಿಸೆಯಲ್ಲಿ ಯಾವಾಗಲೂ ಬೆರಳ ವ್ಯಾಯಾಮಕ್ಕೆ ಗಾಜಿನ ಮಣಿಗಳ ಡಬ್ಬಿ.

"ಅಕ್ಕ, ನಿಮ್ಮಮ್ಮನ ಬೆರಳಲ್ಲಿ ಶಕ್ತಿ ಬರ್ತಾ ಇದೆ. ಆದ್ರೆ ಎದ್ದು ಕೂರೋಕೇ ಒಪ್ಪಲ್ಲ. ಕಿಟಕಿ ಪರದೆ ಸರಿಸಿದ್ರೆ ಹೊದಿಕೆ ಎಳ್ಕೊಂಡು ಬಿಡ್ತಾರೆ. ನಿಮ್ಮಪ್ಪ ಬಂದ್ರಂತೂ ಮುಗೀತು, ಗೋಡೆ ಕಡೆ ತಿರುಗಿ ಕಣ್ಣೇ ಬಿಡಲ್ಲ."

"ಹೀಗೇ ಆದ್ರೆ?"

"ಮೂವತ್ತೊಂದಕ್ಕೆ ದೊಡ್ಡ ಡಾಕ್ಟರು ಎಲ್ಲರ ಹಲಗೇನೂ ನೋಡ್ತಾರೆ. ಈ ವಾರ್ಡಲ್ಲಿ ಮಂಚ ಕಡಿಮೆ. ವ್ಯಾಯಾಮ ಮಾಡದೆ ಇರೋರನ್ನ ಊರಾಚೆ ಆರೈಕೆ ಮನೆಗೆ ಕಳಿಸ್ತಾರೆ. ಅಲ್ಲಿ ಹೊತ್ತಿಗೆ ಊಟ, ಮಾತ್ರೆ. ಅಷ್ಟೇ."

ಆರೈಕೆ ಮನೆಗೆ ಹೋದವರ ಕಡತಗಳು ಕೊನೆಗೆ ನನ್ನ ಕೋಣೆಗೇ ಬರುತ್ತವೆ. ಅಲ್ಲಿಂದ ನಡೆದುಕೊಂಡು ಮನೆಗೆ ಹೋದವರನ್ನು ನಾನು ಇನ್ನೂ ಓದಿಲ್ಲ. ಇಪ್ಪತ್ತನಾಲ್ಕು ದಿನ ಉಳಿದಿವೆ.

ಮಾರ್ಚ್ ೯, ಭಾನುವಾರ

ಇವತ್ತು ಬಿಡಿಸಿ ಕೇಳಿಯೇ ಬಿಡೋಣ ಎಂದು ಹೋದೆ. ಅಪ್ಪ ಎಂದಿನಂತೆ ಹತ್ತಕ್ಕೆ ಬಂದರು. ಕೈಯಲ್ಲಿ ದಿನಾ ತರುವ ಕಂದು ಚೀಲ, ಅದನ್ನು ಎದೆಗೆ ಅವಚಿಕೊಂಡು ಮಂಚದ ಪಕ್ಕ ಕೂತರು. ಅಪ್ಪ ನಲವತ್ತು ವರ್ಷ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿದವರು, ಮಾತು ಮೊದಲೇ ಕಡಿಮೆ. ಅಮ್ಮ ಗೋಡೆಗೆ ಅಂಟಿಕೊಂಡಳು. ಅಪ್ಪ ಟೀ ಕುಡಿಯಲು ಹೋದಾಗ ನಾನು ಅವಳ ಬೆನ್ನಿಗೆ ಕೇಳಿದೆ.

"ಅಮ್ಮ, ಅಪ್ಪನ ಮೇಲೆ ಕೋಪಾನಾ?"

ತಲೆ ಆಡಿಸಿದಳು. ಹೌದು.

"ಅಪ್ಪ ಬರೋದು ನಿನಗೆ ಇಷ್ಟ ಇಲ್ವಾ?"

ಹೌದು.

"ಸ್ವಲ್ಪ ದಿನ ಬರಬೇಡಿ ಅನ್ಲಾ?"

ಅದಕ್ಕೂ ಹೌದು.

ನಲವತ್ತೇಳು ವರ್ಷದ ಸಂಸಾರದಲ್ಲಿ ನನ್ನ ಕಣ್ಣಿಗೆ ಬೀಳದ್ದು ಏನೋ ಇರಬೇಕು ಎಂದುಕೊಂಡೆ. ಹೊರಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಏಕೆ ಎಂದು ಕೇಳಲಿಲ್ಲ. ಚೀಲದ ಹಿಡಿಯನ್ನು ಎರಡು ಸಲ ತಿರುಚಿ, "ಅವಳಿಗೆ ಹಾಗೆ ಬೇಕು ಅಂದ್ರೆ ಹಾಗೇ ಆಗ್ಲಿ ಮರಿ," ಎಂದು ಮೆಟ್ಟಿಲಿಳಿದು ಹೋದರು. ಲಿಫ್ಟು ಇರುವುದು ಅವರಿಗೆ ಮರೆತೇ ಹೋಗಿತ್ತು.

ಮಾರ್ಚ್ ೧೨, ಬುಧವಾರ

ಸಹಕರಿಸುತ್ತಿಲ್ಲ. ಸಹಕರಿಸುತ್ತಿಲ್ಲ. ಸೂಪು ಅರ್ಧ ಬಟ್ಟಲು.

ಮಾರ್ಚ್ ೧೩, ಗುರುವಾರ

ಇವತ್ತು ಕೆಂಪು ಪೆನ್ನಿನಿಂದ ಮಂಗಳಾರತಿ.

ಇಪ್ಪತ್ತಾರು ವರ್ಷದ ಹೆಂಗಸಿನ ಕಡತವೊಂದರಲ್ಲಿ ಚುಟುಕು ಡಾಕ್ಟರು 'ಕೂದಲು ಹೆಚ್ಚು' ಎಂದು ಎರಡೇ ಪದ ಬರೆದಿದ್ದರು. ಅವರು ಯಾವಾಗಲೂ ಅಷ್ಟೇ ಬರೆಯುವುದು, ಅದಕ್ಕೇ ಆ ಹೆಸರು. ಡಾಕ್ಟರು ಬರೆಯದೆ ಇದ್ದದ್ದನ್ನು ನಾವು ಊಹಿಸಿ ಕೋಡ್ ಹಾಕುವಂತಿಲ್ಲ. ಕಾಗದದ ಮೇಲೆ ಪ್ರಶ್ನೆ ಕಳಿಸಬೇಕು. ಅದಕ್ಕೆ ಕ್ವೆರಿ ಎನ್ನುತ್ತೇವೆ. ನಾನು ಕೇಳಿದ್ದೆ: 'ಇದು ಹಾರ್ಮೋನಿನ ತೊಂದರೆಯಿಂದ ಬಂದದ್ದು, ಅಲ್ಲವೇ?' ಅವರು 'ಹೌದು' ಎಂದು ಬರೆದು ಸಹಿ ಹಾಕಿದ್ದರು. ಮೇಡಂ ಅದರ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಗೀಟು ಎಳೆದಿದ್ದಾರೆ.

"ಅವರೇ ಹೌದು ಅಂದಿದ್ದಾರಲ್ಲ ಮೇಡಂ."

"ಅವ್ರಿಗೆ ಊಟದ ಹೊತ್ತಾಗಿತ್ತು. ನಿಮ್ಮ ಕೋಣೇಲಿ ನವಿಲು ಕುಣೀತಿದೆ ಅಲ್ವಾ ಅಂದಿದ್ರೂ ಹೌದು ಅಂತಿದ್ರು. ಉತ್ತರಾನ ನೀವೇ ಅವರ ಬಾಯಿಗೆ ಇಟ್ರೆ ಅದು ಪ್ರಶ್ನೆ ಹೇಗಾಗುತ್ತೆ?"

"ಹಾಗಾದ್ರೆ ಹೇಗೆ ಕೇಳೋದು?"

"ಹದಿನೆಂಟು ವರ್ಷ ಆಯ್ತಲ್ರೀ ನಿಮಗೆ. ಕಂಡದ್ದನ್ನ ಬರೀರಿ. ಆಯ್ಕೆ ಕೊಡಿ. ಕೊನೇಲಿ 'ಬೇರೆ ಏನೋ' ಅಂತ ಒಂದು ಮನೆ, 'ಹೇಳಲಾರೆ' ಅಂತ ಒಂದು ಮನೆ ಬಿಡಿ. ಅಷ್ಟು ಬಿಟ್ಟು ಸುಮ್ನಿರಿ."

ಮುಖ ಊದಿಸಿಕೊಂಡು ಹೊಸ ಕ್ವೆರಿ ಬರೆದು ಕಳಿಸಿದೆ. ಮೂರರ ಬಿಸಿಲು ನನ್ನ ಮೇಜಿನ ತನಕ ಬರುವುದೇ ಇಲ್ಲ, ಚುಟುಕು ಡಾಕ್ಟರ ಅಕ್ಷರವನ್ನು ಕಣ್ಣು ಕಿರಿದು ಮಾಡಿ ಓದಬೇಕು. ಕಿಟಕಿ ಮೇಜಿಗೆ ಹೋಗಿ ನಾಲ್ಕು ಕಡತ ಮುಗಿಸಿ ಬಂದೆ.

ಮಾರ್ಚ್ ೧೭, ಸೋಮವಾರ

ಅಪ್ಪ ಮನೆಯಲ್ಲಿದ್ದಾರೆ ಎಂದುಕೊಂಡಿದ್ದೆ. ಮಧ್ಯಾಹ್ನ ಕಿಟಕಿ ಮೇಜಿನಲ್ಲಿ ಕೂತು ಓದುತ್ತಾ ತಲೆ ಎತ್ತಿದರೆ ರಸ್ತೆಯಲ್ಲಿ ಒಂದು ಜೊತೆ ಕಂದು ಬೂಟು. ಎಡಗಡೆಯದಕ್ಕೆ ಕಪ್ಪು ಲೇಸು, ಬಲಗಡೆಯದಕ್ಕೆ ಕಂದು. ಈ ಊರಲ್ಲಿ ಹಾಗೆ ಲೇಸು ಕಟ್ಟುವವರು ನಮ್ಮಪ್ಪ ಒಬ್ಬರೇ. ಬೂಟುಗಳ ಪಕ್ಕದಲ್ಲಿ ಆ ಚೀಲ.

ಮೇಲೆ ಹೋಗಿ ನೋಡಿದೆ. ರಸ್ತೆ ಬದಿಯ ಬೆಂಚಿನ ಮೇಲೆ ಆಸ್ಪತ್ರೆಯ ಕಡೆ ಮುಖ ಮಾಡಿ ಕೂತಿದ್ದರು.

"ಬರಬೇಡಿ ಅಂದಿದ್ನಲ್ಲ ಅಪ್ಪ."

"ಒಳಗೆ ಬಂದಿಲ್ಲವಲ್ಲ. ಹತ್ತರಿಂದ ನಾಲ್ಕು ಇಲ್ಲಿರ್ತೀನಿ, ಆಮೇಲೆ ಹೋಗ್ತೀನಿ. ಇಲ್ಲಿಂದ ನಾಲ್ಕನೇ ಮಹಡಿ ಕಿಟಕಿ ಕಾಣುತ್ತೆ."

ಅದು ಅಮ್ಮನ ಕಿಟಕಿಯಲ್ಲ, ಪಕ್ಕದ ವಾರ್ಡಿನದು. ಹಾಗೇ ಕೆಳಗಿಳಿದು ಬಂದೆ.

ಮಾರ್ಚ್ ೧೯, ಬುಧವಾರ

ಚುಟುಕು ಡಾಕ್ಟರ ಉತ್ತರ ಬಂತು. 'ಬೇರೆ ಏನೋ' ಎಂಬ ಮನೆಗೆ ಗುರುತು ಹಾಕಿ, ಪಕ್ಕದಲ್ಲಿ ನಾಲ್ಕು ಸಾಲು ಬರೆದಿದ್ದಾರೆ. ಅವರ ಜೀವಮಾನದಲ್ಲೇ ಇಷ್ಟು ಬರೆದಿರಲಿಕ್ಕಿಲ್ಲ. ಹಾರ್ಮೋನು ಅಲ್ಲವೇ ಅಲ್ಲ. ಆ ಹೆಂಗಸು ಬಹಳ ದಿನದಿಂದ ಫಿಟ್ಸಿಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯಿಂದ ಬಂದ ಕೂದಲು. ಆ ಮೊದಲಿನ 'ಹೌದು' ಹಾಗೇ ಉಳಿದಿದ್ದರೆ ಅವಳಿಗೆ ಬೇಡದ ಚಿಕಿತ್ಸೆ ನಡೆಯುತ್ತಲೇ ಇರುತ್ತಿತ್ತು.

ಸಂಜೆ ಇದನ್ನೇ ಫಿಸಿಯೋ ಹುಡುಗಿಗೆ ನಗುನಗುತ್ತಾ ಹೇಳುತ್ತಿದ್ದೆ. ಅವಳು, "ನಿಮ್ಮಮ್ಮನೂ ಹಾಗೇ ಅಲ್ವಾ ಅಕ್ಕ," ಎಂದಳು.

"ಹಾಗೇ ಅಂದ್ರೆ?"

"ಈ ಥರ ಸ್ಟ್ರೋಕಲ್ಲಿ ಹೌದು, ಇಲ್ಲ ಎರಡೂ ಕಲಸಿಹೋಗುತ್ತೆ. ಏನು ಕೇಳಿದ್ರೂ ತಲೆ ಆಡಿಸ್ತಾರೆ. ನಿನ್ನೆ ನಾನು 'ಅಮ್ಮ, ನಾನು ಗಂಡಸಾ' ಅಂದೆ. ಅದಕ್ಕೂ ಹೌದು ಅಂದ್ರು. ಚಿತ್ರ ತೋರಿಸಿದ್ರೆ ಮಾತ್ರ ಸರಿಯಾಗಿ ಮುಟ್ತಾರೆ."

ಆ ಭಾನುವಾರ ಅಮ್ಮನಿಗೆ ಕೇಳಿದ ಮೂರು ಪ್ರಶ್ನೆಗಳೂ ಒಂದೊಂದಾಗಿ ನೆನಪಾದವು. ಮೂರರಲ್ಲೂ ಉತ್ತರ ನನ್ನದೇ. ಆ ಉತ್ತರವನ್ನು ಕೊಂಡೊಯ್ದು ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿದ್ದೇನೆ. ಅತ್ತುಬಿಟ್ಟೆ. ಹುಡುಗಿ ಗಾಬರಿಯಾಗಿ ಕಿಸೆಯಿಂದ ಕರವಸ್ತ್ರ ತೆಗೆದು ಕೊಟ್ಟಳು. ಆದರೆ ಅಪ್ಪ ಬಂದರೆ ಅಮ್ಮ ಗೋಡೆಗೆ ತಿರುಗುವುದಂತೂ ನಿಜ, ಕಾರಣ ತಿಳಿಯದೆ ಅವರನ್ನು ಒಳಗೆ ಕರೆಯುವುದು ಹೇಗೆ?

ಮಾರ್ಚ್ ೨೦, ಗುರುವಾರ

ಅಮ್ಮನಿಗೆ ಕ್ವೆರಿ ತಯಾರಿಸಿದೆ. ದೊಡ್ಡ ಹಾಳೆಯಲ್ಲಿ ಆರು ಮನೆ. ನೋವಿಗೆ ಪಟ್ಟಿ ಕಟ್ಟಿದ ಕೈ, ನಿದ್ದೆಗೆ ದಿಂಬು, ಊಟಕ್ಕೆ ಬಟ್ಟಲು, ಅಪ್ಪನಿಗೆ ಅಪ್ಪ. ಐದನೆಯದು ಖಾಲಿ, ಬೇರೆ ಏನೋ. ಆರನೆಯದರಲ್ಲಿ ಬಾಯಿ ಮುಚ್ಚಿದ ಕೈ, ಹೇಳಲಾರೆ. ಚಿತ್ರ ಬರೆಯಲು ನನಗೆ ಬರುವುದಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡ ಮೊಟ್ಟೆಯಂತೆ ಬಂದರು.

ಮೊದಲು ಕಂಡದ್ದನ್ನು ಹೇಳಿದೆ. "ಅಮ್ಮ, ನೀನು ಗೋಡೆ ಕಡೆ ಮಲಗ್ತೀಯ. ಬೆಳಕು ಬಂದ್ರೆ ಹೊದಿಕೆ ಎಳ್ಕೋತೀಯ." ಆಮೇಲೆ ಹಾಳೆಯನ್ನು ಗೋಡೆಗೆ, ಅವಳ ಕಣ್ಣೆದುರಿಗೆ ಹಿಡಿದು ಸುಮ್ಮನೆ ನಿಂತೆ. ಸುಮ್ಮನಿರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ನಾಲ್ಕು ಸಲ ಮಾತು ಗಂಟಲಿಗೆ ಬಂತು, ನುಂಗಿದೆ.

ಬಹಳ ಹೊತ್ತಿನ ಮೇಲೆ ಅವಳ ಎಡಗೈ ಹೊರಬಂತು. ಬೆರಳು ಮೊಟ್ಟೆಯ ಮೇಲೆ ಇಳಿಯಿತು. ಅಲ್ಲೇ ತುಸು ಹೊತ್ತು ನಿಂತಿತ್ತು, ಕನ್ನಡಕವನ್ನು ಸವರಿತು. ಆಮೇಲೆ ಮೆಲ್ಲಗೆ ಜರುಗಿ ಖಾಲಿ ಮನೆಗೆ ಹೋಯಿತು.

ಬೇರೆ ಏನೋ.

ಮಾರ್ಚ್ ೨೧, ಶುಕ್ರವಾರ

ಬೇರೆ ಏನು? ಇಡೀ ಬೆಳಿಗ್ಗೆ ಇದೇ ಯೋಚನೆ. ಎದುರಿಗೆ ಚರ್ಮದ ವಿಭಾಗದ ನಮೂನೆ ಬಿದ್ದಿತ್ತು. ಅದರಲ್ಲಿ ಹೆಂಗಸಿನ ಮೈಯ ಎರಡು ಗೆರೆಚಿತ್ರಗಳಿವೆ, ಮುಂಭಾಗ ಮತ್ತು ಹಿಂಭಾಗ. ಅದರ ಮೇಲೆ ಒಂಬತ್ತು ಜಾಗ ಗುರುತಿಸಿದೆ. ಮೇಲ್ತುಟಿ, ಗಲ್ಲ, ಎದೆ, ಹೊಟ್ಟೆಯ ಮೇಲೆ, ಹೊಟ್ಟೆಯ ಕೆಳಗೆ, ತೋಳು, ತೊಡೆ, ಬೆನ್ನಿನ ಮೇಲೆ, ಬೆನ್ನಿನ ಕೆಳಗೆ. ಡಾಕ್ಟರು ಒಂದೊಂದು ಜಾಗಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. ಚಿತ್ರದವಳಿಗೆ ಕಣ್ಣು ಮೂಗು ಇಲ್ಲ. ಮೂರು ವಾರದಿಂದ ದಿನಾ ನೋಡಿ ನೋಡಿ ಅವಳು ನನಗೆ ನೆಂಟಳಾಗಿಬಿಟ್ಟಿದ್ದಾಳೆ.

ಎಲ್ಲಾದರೂ ನೋವಿದ್ದರೆ ತೋರಿಸಲಿ ಎಂದು ಒಂದು ಖಾಲಿ ನಮೂನೆ ತೆಗೆದುಕೊಂಡು ಹೋದೆ. ನಿಜವಾಗಿಯೂ ಅಷ್ಟೇ ಅಂದುಕೊಂಡಿದ್ದೆ. "ಎಲ್ಲಿ ಅಮ್ಮ?" ಎಂದು ಮಾತ್ರ ಕೇಳಿದೆ.

ಅವಳು ಚಿತ್ರವನ್ನು ನೋಡಿದಳು. ಅಷ್ಟು ಹೊತ್ತು ನೋಡಿದಳು, ಮಲಗಿಬಿಟ್ಟಳೇನೋ ಎಂದುಕೊಂಡೆ. ಆಮೇಲೆ ಬೆರಳು ಎದ್ದು ನೇರವಾಗಿ ಗಲ್ಲಕ್ಕೆ ಹೋಯಿತು. ಎರಡನೆಯ ಜಾಗ.

ಆಗ ಮೊದಲ ಸಲ ನನ್ನ ಕಡೆ ತಿರುಗಿದಳು. ಹೊದಿಕೆ ಕೆಳಗೆ ಜಾರಿತು.

ನಾನು ಜನರ ಗಲ್ಲ ನೋಡುವುದಿಲ್ಲ. ಅವರೂ ನನ್ನದು ನೋಡದಿರಲಿ ಎಂಬ ಒಳ ಒಪ್ಪಂದ. ಹಾಗಾಗಿ ಒಂದು ತಿಂಗಳು ದಿನಾ ಬಂದು ಹೋದರೂ ಕಂಡಿರಲಿಲ್ಲ. ಅಮ್ಮನ ಗಲ್ಲದ ತುಂಬ ಗಡ್ಡ ಬೆಳೆದಿತ್ತು. ಬಿಳಿ, ಕಪ್ಪು, ಉಗುರಿನಷ್ಟು ಉದ್ದ. ಅವಳ ಕಣ್ಣಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಆ ಮುಖವನ್ನು ಅಪ್ಪನಿಂದ, ಬೆಳಕಿನಿಂದ ಬಚ್ಚಿಟ್ಟುಕೊಂಡು ಒಂದು ತಿಂಗಳು ಗೋಡೆ ನೋಡುತ್ತಾ ಬಿದ್ದಿದ್ದಳು ನನ್ನ ಅಮ್ಮ. ಇಡೀ ಆಸ್ಪತ್ರೆ ಅದಕ್ಕೆ ಅಸಹಕಾರ ಎಂದು ಬರೆಯಿತು.

ಮಾರ್ಚ್ ೨೨, ಶನಿವಾರ

ಬೆಳಿಗ್ಗೆ ನನ್ನ ಪ್ಲಕ್ಕರ್ ತೆಗೆದುಕೊಂಡು ಹೋದೆ. ಸಿಸ್ಟರು, "ಕತ್ತರಿಸಿಬಿಡ್ತಿದ್ವಲ್ಲ, ವಯಸ್ಸಾದ ಮೇಲೆ ಎಲ್ರಿಗೂ ಬರುತ್ತೆ, ಯಾರೂ ಹೇಳ್ಲಿಲ್ಲ," ಎಂದರು. ನಿಜ. ಯಾರೂ ಹೇಳಲಿಲ್ಲ, ನಲವತ್ತೇಳು ವರ್ಷ.

ಮಂಚದ ಸುತ್ತ ಪರದೆ ಎಳೆದು, ಕಿಟಕಿಯ ಪರದೆ ತೆರೆದೆ. ಅಮ್ಮ ಕಣ್ಣು ಮುಚ್ಚಿ ಮುಖವನ್ನು ಬಿಸಿಲಿಗೆ ಕೊಟ್ಟಳು. ಒಂದೊಂದಾಗಿ ತೆಗೆಯುತ್ತಾ ಹೋದೆ. ಬಿಳಿ ಬಟ್ಟೆಯ ಮೇಲೆ ಇಡುತ್ತಿದ್ದೆ. ಹೊರಗೆ ತಳ್ಳುಗಾಡಿ ಓಡಾಡುವ ಸದ್ದು, ಯಾರೋ ಯಾರನ್ನೋ ಕೂಗುವುದು, ಎಲ್ಲ ಬಹಳ ದೂರದಲ್ಲಿ ನಡೆಯುವಂತಿತ್ತು. ಅವಳ ಉಸಿರು ನನ್ನ ಮಣಿಕಟ್ಟಿಗೆ ತಾಗುತ್ತಿತ್ತು. ಇಷ್ಟು ಹತ್ತಿರದಿಂದ ಅವಳ ಮುಖವನ್ನು ನಾನು ನೋಡಿದ್ದು ಹಾಲು ಕುಡಿಯುವಾಗ ಇರಬೇಕು. ಗಲ್ಲದ ಎಡಗಡೆ ಮೂರು ಕೂದಲು ಒಂದೇ ಬುಡದಿಂದ ಬರುತ್ತವೆ. ನನಗೂ ಅಲ್ಲೇ, ಹಾಗೇ. ಅದನ್ನು ಅವಳಿಗೆ ಜೋರಾಗಿ ಹೇಳಿದೆ. ಅಮ್ಮನ ಹೊಟ್ಟೆ ಕುಲುಕಿತು. ನಗುತ್ತಿದ್ದಳು.

ಎರಡು ಗಂಟೆ ಹಿಡಿಯಿತು. ಕೊನೆಗೆ ನನಗೂ ಅವಳಿಗೂ ಜೊಂಪು ಹತ್ತಿ, ಎದ್ದಾಗ ನನ್ನ ತಲೆ ಅವಳ ದಿಂಬಿನ ಮೇಲಿತ್ತು. ಪ್ಲಕ್ಕರ್ ಅವಳ ಮೇಜಿನ ಮೇಲೇ ಉಳಿಯಿತು, ನಾಳೆ ತಂದರಾಯಿತು.

ಮಾರ್ಚ್ ೨೩, ಭಾನುವಾರ

ಅಪ್ಪನನ್ನು ಬೆಂಚಿನಿಂದ ಕರೆತಂದೆ. "ಅಮ್ಮ ನಿಮ್ಮ ಮೇಲೆ ಕೋಪ ಮಾಡ್ಕೊಂಡೇ ಇರಲಿಲ್ಲ. ನಾನು ತಪ್ಪಾಗಿ ಕೇಳ್ದೆ," ಎಂದೆ. ಲಿಫ್ಟಿನಲ್ಲಿ ಅವರು ಕೂದಲು ಬಾಚಿಕೊಂಡರು, ಇದ್ದ ನಾಲ್ಕನ್ನು.

ವಾರ್ಡಿನ ಬಾಗಿಲ ಹತ್ತಿರ ನಿಂತುಬಿಟ್ಟರು. ಎರಡು ಸಲ ಕೆಮ್ಮಿದರು. ಆಮೇಲೂ ಒಳಗೆ ಹೋಗದೆ ನೆಲ ನೋಡುತ್ತಾ ನಿಂತರು.

ಈ ಕೆಮ್ಮು ನನಗೆ ಹುಟ್ಟಿದಾಗಿನಿಂದ ಗೊತ್ತು. ಬೆಳಿಗ್ಗೆ ಮಲಗುವ ಕೋಣೆಯ ಬಾಗಿಲಲ್ಲಿ, ಬಚ್ಚಲುಮನೆಯ ಹೊರಗೆ, ಅಂಗಡಿಯಿಂದ ಬಂದಾಗ ಹೊಸಿಲಲ್ಲಿ. ಗಾಜಿನ ಪುಡಿ ಎದೆಗೆ ಸೇರಿದೆ ಎಂದುಕೊಂಡಿದ್ದೆವು. ಆದರೆ ಒಂದು ವಾರ ಬೆಂಚಿನ ಮೇಲೆ ಕೂತವರು ನನ್ನ ಕಿಟಕಿಗೆ ಕೇಳುವಂತೆ ಒಮ್ಮೆಯೂ ಕೆಮ್ಮಲಿಲ್ಲ.

"ಅಪ್ಪ, ನೀವು ಬಾಗಿಲಲ್ಲಿ ಯಾಕೆ ಕೆಮ್ಮೋದು?" ಎಂದು ಕೇಳಿ, ಸುಮ್ಮನಿದ್ದೆ.

"ಒಳಗಿರೋರಿಗೆ ಸ್ವಲ್ಪ ಸಮಯ ಬೇಕಾಗುತ್ತಲ್ಲ," ಎಂದರು. ಕಿವಿ ಕೆಂಪಾಗಿತ್ತು. ಕಂದು ಚೀಲವನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ಅಮ್ಮನ ಬಚ್ಚಲುಮನೆಯ ದುಂಡು ಕನ್ನಡಿ ಇತ್ತು, ಮುಖವನ್ನು ಮೂರು ಪಟ್ಟು ದೊಡ್ಡದಾಗಿ ತೋರಿಸುವುದು. ಅಪ್ಪನೇ ಅಂಗಡಿಯಲ್ಲಿ ಉಜ್ಜಿ ಮಾಡಿ ತಂದದ್ದು. ಗಡ್ಡ ಹೆರೆಯಲು ಎಂದು ಹೇಳಿ ತಂದವರು ಒಂದು ದಿನವೂ ಅದರ ಮುಂದೆ ಹೆರೆದುಕೊಂಡವರಲ್ಲ.

"ಮೊದಲನೇ ದಿನಾನೇ ತಂದೆ. ಅವಳಿಗೆ ಬೇಕಾಗುತ್ತೆ ಅಂತ ಗೊತ್ತಿತ್ತು."

"ಮತ್ತೆ ಕೊಡ್ಲಿಲ್ಲ ಯಾಕೆ?"

"ಕೊಟ್ರೆ ನನಗೆ ಗೊತ್ತು ಅಂತ ಆಗಿಬಿಡುತ್ತಲ್ಲ ಮರಿ."

ಒಳಗಿನಿಂದ ಮಂಚದ ಕಬ್ಬಿಣಕ್ಕೆ ಟಕ್ ಟಕ್ ಎಂದು ಬಡಿದ ಸದ್ದು ಬಂತು. ಅಪ್ಪ ಒಳಗೆ ಹೋದರು. ಅಮ್ಮ ಬಾಗಿಲ ಕಡೆಗೇ ಮುಖ ಮಾಡಿ, ದಿಂಬಿಗೆ ಒರಗಿ ಕೂತಿದ್ದಳು. ಅಪ್ಪ ಎಂದಿನಂತೆ ಅವಳ ಹಣೆ ನೋಡಿದರು. ಗಲ್ಲ ನೋಡಲಿಲ್ಲ.

ಮಾರ್ಚ್ ೨೫, ಮಂಗಳವಾರ

ಹಲಗೆಯಲ್ಲಿ: 'ಇಪ್ಪತ್ತು ನಿಮಿಷ ಕೂತರು. ಪೂರ್ತಿ ಬಟ್ಟಲು.' ಆದರೆ ಮಣಿ ಎತ್ತುತ್ತಿಲ್ಲ. ಬಲಗೈಯ ಎರಡು ಬೆರಳಲ್ಲಿ ಸಣ್ಣ ವಸ್ತು ಹಿಡಿದು ಎತ್ತಬೇಕು, ಅದಾದರೆ ಮಂಚ ಉಳಿಯುತ್ತದೆ. ಅಮ್ಮ ಮಣಿಗಳನ್ನು ನೋಡಿ ಮೂತಿ ತಿರುಗಿಸುತ್ತಾಳೆ. ಎಪ್ಪತ್ತು ವರ್ಷದವಳ ಮುಂದೆ ಬಣ್ಣದ ಮಣಿ ಸುರಿದರೆ ನಾನಾದರೂ ತಿರುಗಿಸುತ್ತಿದ್ದೆ.

ಕಡತಗಳು ಇನ್ನೂರಮೂರು ಮುಗಿದವು. ಒಂಬತ್ತು ಹಾಕಿದ್ದು ಏಳಕ್ಕೆ ಮಾತ್ರ. ನನ್ನ ಪೆಟ್ಟಿಗೆ, ಲೋಟ ಎಲ್ಲ ಕಿಟಕಿ ಮೇಜಿಗೆ ತಂದಿಟ್ಟುಕೊಂಡಿದ್ದೇನೆ, ಓಡಾಡುವುದು ತಪ್ಪಲಿ ಎಂದು. ಸೆಕೆ ಶುರುವಾಗಿದೆ, ಶಾಲು ಮನೆಯಲ್ಲೇ. ಪ್ಲಕ್ಕರ್ ತರುವುದು ಮತ್ತೆ ಮರೆತೆ.

ಮಾರ್ಚ್ ೨೮, ಶುಕ್ರವಾರ

ಇಂದೂ ಮಣಿ ಇಲ್ಲ. ಇನ್ನು ಮೂರೇ ದಿನ.

ಮಾರ್ಚ್ ೩೧, ಸೋಮವಾರ

ದೊಡ್ಡ ಡಾಕ್ಟರು ಹನ್ನೊಂದಕ್ಕೆ ಬರುವವರಿದ್ದರು. ಹತ್ತಕ್ಕೆ ಫಿಸಿಯೋ ಹುಡುಗಿ ಮತ್ತೆ ಮಣಿ ಹರಡಿದಳು. ಅಪ್ಪ ಕನ್ನಡಿ ಹಿಡಿದು ಕಿಟಕಿಯ ಬಳಿ ನಿಂತಿದ್ದರು. ಬೆಳಿಗ್ಗೆ ಅಮ್ಮ ಗಲ್ಲ ನೋಡಿಕೊಳ್ಳಬೇಕೆಂದು ಕೈ ಮಾಡಿ ಕೇಳಿದ್ದಳಂತೆ.

"ಒಂದೇ ಒಂದು ಮಣಿ ಅಮ್ಮ," ಎಂದು ನಾನು ಬಗ್ಗಿದೆ. ಬಿಸಿಲು ನನ್ನ ಮುಖದ ಮೇಲಿತ್ತು. ಅಮ್ಮ ಮಣಿ ನೋಡಲಿಲ್ಲ, ನನ್ನನ್ನು ನೋಡಿದಳು. ಹುಬ್ಬು ಗಂಟಿಕ್ಕಿದಳು, ಶಾಲೆಗೆ ಹೋಗುವಾಗ ನನ್ನ ಜಡೆ ಸೊಟ್ಟಗಿದ್ದರೆ ಗಂಟಿಕ್ಕುತ್ತಿದ್ದ ಹಾಗೆ. ಬಲಗೈ ಮೆಲ್ಲಗೆ ಮಣಿಗಳನ್ನು ಪಕ್ಕಕ್ಕೆ ತಳ್ಳಿ, ಮೇಜಿನ ಮೇಲಿದ್ದ ಪ್ಲಕ್ಕರ್ ಹಿಡಿಯಿತು. ಬಿತ್ತು. ಮತ್ತೆ ಹಿಡಿದಳು, ಮತ್ತೆ ಬಿತ್ತು. ಹುಡುಗಿ ಮೊಣಕೈಗೆ ದಿಂಬು ಕೊಟ್ಟಳು. ಮೂರನೆಯ ಸಲ ಅದು ನಡುಗುತ್ತಾ ನನ್ನ ಗಲ್ಲದ ತನಕ ಬಂತು. ಚರ್ಮ ಚಿವುಟಿತು, ಕಣ್ಣಲ್ಲಿ ನೀರು ಬಂತು, ನಾನು ಅಲುಗಲಿಲ್ಲ. ನಾಲ್ಕನೆಯ ಸಲ ಚುರಕ್ಕೆಂದಿತು. ಅಮ್ಮ ಪ್ಲಕ್ಕರನ್ನು ಬೆಳಕಿಗೆ ಹಿಡಿದಳು. ತುದಿಯಲ್ಲಿ ಒಂದು ಕಪ್ಪು ಕೂದಲು. ಅಪ್ಪ ಕೆಮ್ಮಿದರು, ಒಳಗೇ ಇದ್ದರೂ.

ಹುಡುಗಿ ಹಲಗೆ ತೆಗೆದುಕೊಂಡು ಪೆನ್ನು ಎತ್ತಿದಳು. ಸಿಸ್ಟರು, ಪಕ್ಕದ ಮಂಚದವರು, ಅವರ ಅಳಿಯ, ಎಲ್ಲ ಇತ್ತಲೇ ನೋಡುತ್ತಿದ್ದರು. ಅವಳು ನನ್ನ ಹತ್ತಿರ ದನಿ ತಗ್ಗಿಸಿ, "ಅಕ್ಕ, ಮಣಿ ಎತ್ತಿದ್ರು ಅಂತ ಬರೀಲಾ?" ಎಂದಳು.

"ಬೇಡ, ಆಗಿದ್ದನ್ನ ಬರೀರಿ. ಮಗಳ ಗಲ್ಲದಿಂದ ಒಂದು ಕೂದಲು, ಬಲಗೈಯಲ್ಲಿ, ನಾಲ್ಕನೇ ಪ್ರಯತ್ನಕ್ಕೆ."

ಅವಳು ಹಾಗೇ ಬರೆದಳು. ದೊಡ್ಡ ಡಾಕ್ಟರು ಆ ಸಾಲನ್ನು ಎರಡು ಸಲ ಓದಿ, ನನ್ನ ಗಲ್ಲವನ್ನೊಮ್ಮೆ ನೋಡಿ, ಕೆಳಗೆ ಸಹಿ ಮಾಡಿದರು. ಇನ್ನೂ ಆರು ವಾರ ಅಮ್ಮ ಇಲ್ಲೇ.

ಕೆಲಸಕ್ಕೆ ತಡವಾಗಿ ಇಳಿದೆ. ಕೆಂಪು ಪೆನ್ನು ಬಂದು ಹೊಸ ಕಡತ ಇಟ್ಟು, ನನ್ನ ಮುಖವನ್ನೊಮ್ಮೆ ನೋಡಿ ಹೋದರು. ಮೂರಕ್ಕೆ ಬಿಸಿಲು ಬಂತು, ಮೇಜಿನ ತುಂಬ.

ಪ್ಲಕ್ಕರ್ ಅಮ್ಮನ ಹತ್ತಿರವೇ ಇರಲಿ. ಹತ್ತು ಕೂದಲು ಉಳಿದಿವೆ. ಅವನ್ನು ನಾನು ಮುಟ್ಟುವುದಿಲ್ಲ, ಅವಳ ವ್ಯಾಯಾಮಕ್ಕೆ ಬೇಕು. ಆರು ವಾರಕ್ಕೆ ಹತ್ತು ಸಾಲುವುದಿಲ್ಲ. ಆದರೆ ಅವು ಮತ್ತೆ ಬೆಳೆಯುತ್ತವೆ.